ಎಡಗಾಲಿನ ಬೂಟಿನ ಜಪಾನ್

ಜಪಾನಿನ ಬೂಟು ಕಾರ್ಖಾನೆಯ ಕತೆ ಕೇಳದ ಕನ್ನಡಿಗರಿಲ್ಲ. ಅಲ್ಲಿನ ಕಾರ್ಮಿಕರಿಗೆ ಸಿಟ್ಟು ಬಂದರೆ ಮುಷ್ಕರ ಹೂಡುವುದಿಲ್ಲವಂತೆ. ಎಡಗಾಲಿನ ಬೂಟುಗಳನ್ನಷ್ಟೇ ಹೊಲಿದು ಗುಡ್ಡೆ ಹಾಕುತ್ತಾರಂತೆ. ಬೇಡಿಕೆ ಈಡೇರಿದ ಮೇಲೆ ಬಲಗಾಲಿನವನ್ನು ಹೊಲಿದು ಲೆಕ್ಕ ಚುಕ್ತಾ ಮಾಡುತ್ತಾರಂತೆ. ಬಸವೇಶ್ವರನಗರದ ಶಾಲಾ ವಾರ್ಷಿಕೋತ್ಸವದಿಂದ ಹಿಡಿದು ವಿಜಯನಗರದ ರಾಜ್ಯೋತ್ಸವದ ಪೆಂಡಾಲಿನವರೆಗೆ ಮುಖ್ಯ ಅತಿಥಿಗಳು ಇದನ್ನೇ ಹೇಳುತ್ತ ಬಂದಿದ್ದಾರೆ. ಯಾವ ಊರು, ಯಾವ ಕಂಪನಿ, ಯಾವ ವರ್ಷ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಹೊದಿಸಿದ ಶಾಲಿಗೆ ಅವಮಾನ.

2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು, ಎರಡನೇ ಮಹಾಯುದ್ಧದ ನಂತರ ಜರ್ಮನರೂ ಜಪಾನೀಯರೂ ಮಾಡಿದ್ದು ಅದನ್ನೇ ಎಂದಾಗ ನನಗೆ ಕೇಳಿಸಿದ್ದು ಇದೇ ಬೂಟಿನ ಕತೆ, ಈ ಸಲ ಕೋಟು ತೊಟ್ಟುಕೊಂಡು ಬಂದಿತ್ತು, ಅಷ್ಟೆ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ಅದನ್ನು 90 ಗಂಟೆಗೆ ಏರಿಸಿದರು. ಹರಾಜಿನಲ್ಲಿ ಕೂಗುವವರಿಗೇನು, ದುಡ್ಡು ಕೊಡುವವನು ಬೇರೆ.

ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಆದದ್ದೇನು? 1945ರ ಡಿಸೆಂಬರಿನಲ್ಲಿ, ಟೋಕಿಯೋ ಇನ್ನೂ ಬೂದಿಯಾಗಿ ಬಿದ್ದಿದ್ದಾಗ, ಕಾರ್ಮಿಕ ಸಂಘಗಳ ಕಾನೂನು ಬಂತು. 1947ರಲ್ಲಿ ಕಾರ್ಮಿಕ ಮಾನದಂಡಗಳ ಕಾನೂನು ಬಂತು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ತಿನ್ನಲು ಅಕ್ಕಿಯಿಲ್ಲದ ದೇಶ ಮೊದಲು ಬರೆದುಕೊಂಡದ್ದು ಇದನ್ನು. 1949ರ ಹೊತ್ತಿಗೆ ಅಲ್ಲಿನ ಸಂಬಳದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂಘದ ಸದಸ್ಯರು. ಗೇಣಿದಾರರು ಉಳುತ್ತಿದ್ದ ಭೂಮಿ ಶೇ 46ರ ಆಸುಪಾಸಿನಿಂದ ಶೇ 10ಕ್ಕೆ ಇಳಿಯಿತು, ಯಾಕೆಂದರೆ ಭೂಮಿ ಉಳುವವನ ಕೈಗೆ ಹೋಯಿತು. ದೇವರಾಜ ಅರಸರು 1974ರಲ್ಲಿ ಇಲ್ಲಿ ಕೈಹಾಕಿದ ಕೆಲಸ ಅದು. ಜಪಾನಿನ ಬೆವರನ್ನು ಹಾಡಿ ಹೊಗಳುವವರು ಜಪಾನಿನ ಈ ಭೂಸುಧಾರಣೆಯ ಬಗ್ಗೆ ಒಂದು ಮಾತಾಡಿದ್ದನ್ನು ಯಾರಾದರೂ ಕೇಳಿದ್ದೀರಾ?

ಮುಷ್ಕರವೇ ಇಲ್ಲದ ದೇಶವಂತೆ! 1950ರಲ್ಲಿ ಟೊಯೊಟಾದಲ್ಲೇ ಮುಷ್ಕರ ನಡೆದು, ಸುಮಾರು 2000 ಮಂದಿ ಕೆಲಸ ಕಳೆದುಕೊಂಡು, ಸ್ಥಾಪಕ ಕಿಯಿಚಿರೊ ಟೊಯೊಡ ಅಧ್ಯಕ್ಷ ಸ್ಥಾನ ಬಿಟ್ಟು ಇಳಿದರು. ಅದೇ ವರ್ಷದ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಟ್ರಕ್ಕುಗಳಿಗೆ ಆರ್ಡರ್ ಕೊಟ್ಟಿತು, ಕಂಪನಿ ಉಳಿಯಿತು. 1960ರಲ್ಲಿ ಮಿಯಿಕೆ ಕಲ್ಲಿದ್ದಲು ಗಣಿಯ ಮುಷ್ಕರ ತಿಂಗಳುಗಟ್ಟಲೆ ಹೊತ್ತಿ ಉರಿಯಿತು. ಇದೇನೂ ಗುಟ್ಟಲ್ಲ. ಚರಿತ್ರಕಾರರಾದ ಜಾನ್ ಡೋವರ್, ಆಂಡ್ರ್ಯೂ ಗೋರ್ಡನ್ ದಪ್ಪ ದಪ್ಪ ಪುಸ್ತಕ ಬರೆದಿಟ್ಟಿದ್ದಾರೆ. ಬಲಗಾಲಿನ ಬೂಟಿಗೆ ಕಾಯುತ್ತಾ ಕೂತವರ ಸುದ್ದಿ ಅವುಗಳಲ್ಲಿ ನನಗಂತೂ ಸಿಗಲಿಲ್ಲ.

ಇನ್ನು ಆ 70. ಜಪಾನಿನಲ್ಲಿ ಇವತ್ತು ಕಾನೂನಿನ ವಾರ 40 ಗಂಟೆ. 70ರಲ್ಲಿ 40 ಕಳೆದರೆ 30. ತಿಂಗಳಿಗೆ ನಾಲ್ಕೇ ವಾರ ಎಂದುಕೊಂಡರೂ 120 ಗಂಟೆ ಓಟಿ. ಜಪಾನ್ ಸರ್ಕಾರ 2001ರಲ್ಲಿ ಒಂದು ಅಳತೆ ಗೊತ್ತುಮಾಡಿತು. ಹೃದಯಾಘಾತವೋ ಮಿದುಳಿನ ರಕ್ತಸ್ರಾವವೋ ಆಗಿ ಸತ್ತವನು ಅದಕ್ಕೆ ಮುಂಚಿನ ತಿಂಗಳಲ್ಲಿ 100 ಗಂಟೆ, ಇಲ್ಲವೇ ಎರಡರಿಂದ ಆರು ತಿಂಗಳ ಸರಾಸರಿಯಲ್ಲಿ 80 ಗಂಟೆ ಓಟಿ ಮಾಡಿದ್ದರೆ, ಆ ಸಾವಿಗೂ ಕೆಲಸಕ್ಕೂ ಬಲವಾದ ನಂಟಿದೆ ಎಂದು ಲೆಕ್ಕ. ಕರೋಶಿ, ಅಂದರೆ ಅತಿದುಡಿಮೆಯ ಸಾವಿನ ಗೆರೆ ಅದು. ಮೂರ್ತಿಯವರ ಆದರ್ಶ ಯುವಕ ಆ ಗೆರೆ ದಾಟಿ 20 ಗಂಟೆ ಆಚೆ ನಿಂತಿದ್ದಾನೆ. ಅವನ ಬೆನ್ನು ತಟ್ಟುವುದೋ, ಆಂಬುಲೆನ್ಸ್ ಕರೆಯುವುದೋ?

1947ರ ಕಾನೂನಿನ 36ನೇ ಕಲಮಿನಲ್ಲಿ ಒಂದು ಸಂದಿ ಇತ್ತು. ಸಂಘ ಸಹಿ ಹಾಕಿದರೆ ಓಟಿಗೆ ಮಿತಿಯಿಲ್ಲ. ಆ ಸಂದಿಯಲ್ಲಿ ನುಗ್ಗಿದ್ದೇ ಈ 70 ಗಂಟೆಯ ಭೂತ. ನುಗ್ಗಿದ್ದಕ್ಕೆ ಜಪಾನ್ ಪಟ್ಟ ಪಾಡು ಅಷ್ಟಿಷ್ಟಲ್ಲ. 1988ರಲ್ಲಿ ವಕೀಲರು ಕರೋಶಿ ಸಹಾಯವಾಣಿ ತೆರೆದರು. ಗಂಡನನ್ನು ಕಳೆದುಕೊಂಡ ಹೆಂಗಸರು ವರ್ಷಾನುಗಟ್ಟಲೆ ಕೋರ್ಟು ಅಲೆದರು. 2014ರಲ್ಲಿ ಕರೋಶಿ ತಡೆಗೆಂದೇ ಕಾನೂನು ಬಂತು. 2018ರ ಸುಧಾರಣೆಯಲ್ಲಿ ಕೊನೆಗೂ ಓಟಿಗೆ, ಮೀರಿದರೆ ದಂಡನೆಯಾಗುವ ಮಿತಿ ಬಿತ್ತು, ಸಾಮಾನ್ಯವಾಗಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆ. ಮೂರ್ತಿಯವರ ಯುವಕ ಆ ವರ್ಷದ ಕೋಟಾವನ್ನು ಮೂರೇ ತಿಂಗಳಲ್ಲಿ ಮುಗಿಸುತ್ತಾನೆ. ನಾವು ಬೀದಿಬೀದಿಗೆ ಹಳದಿ ಕೆಂಪು ಬಾವುಟ ಕಟ್ಟುವ ನವೆಂಬರ್ ಅಲ್ಲಿ ಕರೋಶಿ ತಡೆಯ ಜಾಗೃತಿ ಮಾಸ. ಜಪಾನೀಯರು ಕಸದ ಬುಟ್ಟಿಗೆ ಎಸೆದದ್ದನ್ನು ನಮ್ಮ ಉದ್ಯಮಿಗಳು ಪ್ರಸಾದ ಎಂದು ಹಂಚುತ್ತಿದ್ದಾರೆ.

ಇಷ್ಟಕ್ಕೂ ಜಪಾನ್ ನಮಗೆ ದೂರವೇ? ಬೆಳಗಿನ ಜಾವ ಕೆಂಗೇರಿ ಉಪನಗರದ ತಿರುವಿನಲ್ಲಿ ನಿಂತು ನೋಡಿ. ಸಮವಸ್ತ್ರ ತೊಟ್ಟ ಹುಡುಗರು ಟಿಫಿನ್ ಬಾಕ್ಸ್ ಹಿಡಿದು, ಅರ್ಧ ನಿದ್ದೆಯಲ್ಲಿ, ಮೈಸೂರು ರಸ್ತೆಯ ಫ್ಯಾಕ್ಟರಿ ಬಸ್ಸುಗಳಿಗೆ ಕಾಯುತ್ತಿರುತ್ತಾರೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸ್ಥಾವರದಲ್ಲಿ 2020ರ ನವೆಂಬರಿನಲ್ಲಿ ಶುರುವಾದ ಮುಷ್ಕರ, ಬೀಗಮುದ್ರೆ 2021ರ ಮಾರ್ಚ್‌ವರೆಗೆ ಎಳೆಯಿತು. ಕೆಲಸದ ವೇಗ ತಾಳಲಾಗುತ್ತಿಲ್ಲ ಎಂದು ಸಂಘ, ಶಿಸ್ತು ಮುರಿದರು ಎಂದು ಆಡಳಿತ. ನಮ್ಮ ಪಡಸಾಲೆಯ ಪಂಡಿತರ ತೀರ್ಪು ತಕ್ಷಣ ಬಂತು: ಜಪಾನೀಯರ ಶಿಸ್ತು ನಮ್ಮವರಿಗೆಲ್ಲಿಂದ ಬರಬೇಕು. ಅದೇ ಕಂಪನಿಯ 1950 ಗೊತ್ತಿದ್ದರೆ ಈ ಮಾತು ನಾಲಿಗೆಗೆ ಬರುತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ನನ್ನ ನಿಜವಾದ ತಕರಾರು ಇರುವುದು ಇಲ್ಲೇ. ರಾಜಾಜಿನಗರದ ಪುಸ್ತಕದಂಗಡಿಯಲ್ಲಿ ಜಪಾನ್ ಎಂದರೆ ಇಕಿಗಾಯ್. ಆ ಕಪಾಟಿನಲ್ಲಿ ಎಲ್ಲರೂ ನೂರು ವರ್ಷ ಬದುಕುತ್ತಾರೆ, ಹಸಿರು ಚಹಾ ಕುಡಿಯುತ್ತಾರೆ, ಯಾರೂ ಸಂಬಳ ಕೇಳುವುದಿಲ್ಲ. ಕೋಚಿಂಗ್ ಸೆಂಟರಿನಲ್ಲಿ ಜಪಾನ್ ಎಂದರೆ ಎನ್-5, ಎನ್-4 ಭಾಷಾ ಪರೀಕ್ಷೆ. ಮಾರ್ಚಿನಲ್ಲಿ ತಬೆಬುಯಾ ಅರಳಿದರೆ ‘ನಮ್ಮೂರ ಸಕುರಾ’ ಎಂದು ಸೆಲ್ಫಿ. ಜಪಾನ್ ಅಧ್ಯಯನಕ್ಕೆಂದು ಶಾಂತಿನಿಕೇತನದಲ್ಲಿ ನಿಪ್ಪಾನ್ ಭವನವಿದೆ, ದೆಹಲಿಯಲ್ಲಿ ಪೂರ್ವ ಏಷ್ಯಾ ಅಧ್ಯಯನ ವಿಭಾಗವಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಿಂದ ಬಿಡದಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಆದರೂ ಜಪಾನಿನ ಕಾರ್ಮಿಕ ಚರಿತ್ರೆಯನ್ನು ಕನ್ನಡದಲ್ಲಿ ಓದಬೇಕೆಂದರೆ ಕೈಗೆ ಸಿಗುವುದು ಭಾಷಣಗಳು.

ಜಪಾನೀಯರು ನಮ್ಮನ್ನು ಹೀಗೆ ನೋಡಲಿಲ್ಲ. ಚರಿತ್ರಕಾರ ನೊಬೊರು ಕರಾಶಿಮ ದಕ್ಷಿಣ ಭಾರತದ ಶಾಸನಗಳನ್ನು ಒಂದೊಂದಾಗಿ ಎಣಿಸಿ ವಿಜಯನಗರ ಆಳ್ವಿಕೆಯ ಸಮಾಜದ ಮೇಲೆ 1992ರಲ್ಲಿ ಪುಸ್ತಕ ಬರೆದರು (ಅತ್ತಿಗುಪ್ಪೆ ಪಕ್ಕದ ವಿಜಯನಗರವಲ್ಲ, ಸ್ವಾಮಿ). ಕ್ಯೋಟೊ ವಿಶ್ವವಿದ್ಯಾಲಯದ ಮಿಹೊ ಇಶಿಯಿ ದಕ್ಷಿಣ ಕನ್ನಡದ ಭೂತಾರಾಧನೆಯ ಮೇಲೆ ಗ್ರಂಥ ಬರೆದಿದ್ದಾರೆ. ಬದಲಿಗೆ ನಾವು ಕೊಟ್ಟದ್ದು ಒಂದು ಬೂಟು, ಅದೂ ಎಡಗಾಲಿನದು.

ಹೊಸೊಯಿ ವಾಕಿಜೊ ಎಂಬ ಗಿರಣಿ ಕೂಲಿಯೊಬ್ಬ 1925ರಲ್ಲಿ ಜಪಾನಿನ ನೂಲಿನ ಗಿರಣಿಗಳ ಹೆಣ್ಣುಮಕ್ಕಳ ಕತೆ ಬರೆದ. ಸಾಲಕ್ಕೆ ಬಿದ್ದು ಬಂದವರು, ಬೀಗ ಹಾಕಿದ ಹಾಸ್ಟೆಲುಗಳು, ಕ್ಷಯ. ಪುಸ್ತಕ ಬಂದ ವರ್ಷವೇ, 28ಕ್ಕೆ, ಅವನು ತೀರಿಕೊಂಡ. ರಾಮನಗರದ ರೇಷ್ಮೆ ಬಿಚ್ಚಾಣಿಕೆಯವರು, 2016ರ ಏಪ್ರಿಲಿನಲ್ಲಿ ಪಿಎಫ್‌ಗಾಗಿ ಬೆಂಗಳೂರಿನ ಹೆದ್ದಾರಿಗಿಳಿದ ಗಾರ್ಮೆಂಟ್ಸ್ ಹೆಂಗಸರು ಓದಬೇಕಾದ ಜಪಾನ್ ಇದು. 70 ಗಂಟೆ ದುಡಿದು ಬಂದ ಗಂಡನಿಗೆ ಬಿಸಿನೀರು ಕಾಯಿಸಿ, ಮಕ್ಕಳನ್ನು ಓದಿಸಿ, ಅತ್ತೆಯನ್ನು ನೋಡಿಕೊಂಡವಳು ಯಾರು ಎಂಬ ಪ್ರಶ್ನೆಗೂ ಉತ್ತರ ಜಪಾನಿನ ಚರಿತ್ರೆಯಲ್ಲೇ ಇದೆ. ಸಮಾಜಶಾಸ್ತ್ರಜ್ಞ ಎಜ್ರಾ ವೋಗೆಲ್ 1963ರಲ್ಲೇ ಅದನ್ನು ಬರೆದಿದ್ದಾನೆ. ಅವಳ ಮೊಮ್ಮಕ್ಕಳ ಕಾಲಕ್ಕೆ, 2024ರಲ್ಲಿ, ಆ ದೇಶದ ಫಲವತ್ತತೆ ದರ 1.15.

ನಮ್ಮ ಉದ್ಯಮಿಗಳ ಬಾಯಲ್ಲಿ ಸದಾ ವಿಶ್ವೇಶ್ವರಯ್ಯ. 1898ರಲ್ಲೇ ಜಪಾನ್ ನೋಡಿ ಬಂದ ಅವರು ದಿವಾನರಾಗಿ ಮಾಡಿದ್ದು 1913ರ ಪ್ರಾಥಮಿಕ ಶಿಕ್ಷಣದ ಕಾನೂನು, 1916ರ ವಿಶ್ವವಿದ್ಯಾಲಯ. ಇವರು ಮಾಡಿಸಿಕೊಂಡದ್ದು ರಾಜ್ಯದಲ್ಲಿ ಕಾರ್ಖಾನೆ ಕಾಯಿದೆಯ 2023ರ ತಿದ್ದುಪಡಿ, ಫ್ಯಾಕ್ಟರಿಯಲ್ಲಿ 12 ಗಂಟೆಯ ದಿನಕ್ಕೆ ಬಾಗಿಲು. ಮರುವರ್ಷ ಐಟಿಯವರಿಗೆ 14 ಗಂಟೆಯ ಪ್ರಸ್ತಾವ ಬಂತು, ಗಲಾಟೆಯಾದ ಮೇಲೆ ತಣ್ಣಗಾಯಿತು. ನಡುವೆ ಸರ್ಕಾರ ಬದಲಾಗಿತ್ತು, ಕಿವಿಗೆ ಊದುವವರು ಬದಲಾಗಿರಲಿಲ್ಲ.

ಜಪಾನೇ ಬೇಕೆಂದರೆ ಪೂರ್ತಿ ತನ್ನಿ. ಅಲ್ಲಿ ಕೆಲಸಗಾರ ಕುಸಿದು ಬಿದ್ದು ಸತ್ತು, ಮನೆಯವರು ಪರಿಹಾರ ಕೇಳಿದರೆ ಕಾರ್ಮಿಕ ಮಾನದಂಡ ಕಚೇರಿಯವರು ಹಿಂದಿನ ಆರು ತಿಂಗಳ ಹಾಜರಿ ತೆಗೆದು ಗಂಟೆ ಎಣಿಸುತ್ತಾರೆ. ನಮ್ಮಲ್ಲಿ 1923ರ ಪರಿಹಾರ ಕಾಯಿದೆಯ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲೂ ಅತಿದುಡಿಮೆ ಇರಲಿಲ್ಲ, 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇಲ್ಲ. ಎದೆ ಹಿಡಿದುಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವ 32ರ ಹುಡುಗ ಹೋದ ತಿಂಗಳು ಎಷ್ಟು ಗಂಟೆ ದುಡಿದಿದ್ದ ಎಂದು ಯಾವ ಕಾನೂನೂ ಕೇಳುವುದಿಲ್ಲ. ಮುಂದಿನ ಸಲ ಮೈಕ್ ಹಿಡಿದಾಗ ಮೂರ್ತಿಯವರು ಆ ಪಟ್ಟಿಗೆ ಒಂದು ಸಾಲು ಸೇರಿಸಿ ಎಂದು ಕೇಳಲಿ, ಜಪಾನಿನ ಹೆಸರಿನಲ್ಲೇ.