ಕಟ್ಟಿಕೊಟ್ಟ ಬುತ್ತಿ ಸಾಲದು

ಮಾರ್ಗಶಿರ ಮಾಸದ ಕೊನೆಯಲ್ಲಿ ಬರುವ ಎಳ್ಳ ಅಮಾವಾಸ್ಯೆ ಉತ್ತರ ಕರ್ನಾಟಕದ ಒಕ್ಕಲು ಮಕ್ಕಳಿಗೆ ದೊಡ್ಡ ಹಬ್ಬ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಅಂದು ಊರಿಗೆ ಊರೇ ಹೊಲದ ದಾರಿ ಹಿಡಿಯುತ್ತದೆ. ಹಿಂದೆ ಎತ್ತಿನ ಬಂಡಿ, ಇಂದು ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು. ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಸುತ್ತ ಚೆಲ್ಲುತ್ತಾರೆ. ಇದೇ ಚರಗ. ಭೂಮಿತಾಯಿಗೆ ಉಣಿಸಿದ ಮೇಲೆಯೇ ಮನೆಯವರ ಊಟ. ಆ ಹೊತ್ತಿಗೆ ದಾರಿಯಲ್ಲಿ ಹೋಗುವವರು ಕಂಡರೆ ಅವರನ್ನೂ ಕರೆದು ಕೂಡಿಸುವುದು ವಾಡಿಕೆ.

ಈ ಊಟದ ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಸಜ್ಜೆ, ಎಳ್ಳು, ಶೇಂಗಾ ಆಗಷ್ಟೇ ಮುಂಗಾರಿನ ರಾಶಿ ಮುಗಿಸಿ ಮನೆ ಸೇರಿರುತ್ತವೆ. ಬಿಳಿಜೋಳ, ಕಡಲೆ ಹೊಲದಲ್ಲಿ ನಿಂತಿರುತ್ತವೆ. ಬದನೆ, ಮೆಂತ್ಯೆ, ಮೂಲಂಗಿ, ಗಜ್ಜರಿ ಸಂತೆಯಲ್ಲಿ ಅಗ್ಗವಾಗಿರುವ ಕಾಲ ಅದು. ಆ ನೆಲ ಆ ತಿಂಗಳಲ್ಲಿ ಏನು ಕೊಟ್ಟಿತೋ ಅದೇ ಹಬ್ಬದಡಿಗೆ. ಹೊರಗಿನಿಂದ ತರಬೇಕಾದದ್ದು ಬಹಳ ಕಡಿಮೆ.

ಎಲ್ಲ ನಾಡಿನ ಒಕ್ಕಲಿಗರದೂ ಇದೇ ರೀತಿ. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳು ಸಂಕ್ರಾಂತಿಗೆ ಹೊಸ ಅಕ್ಕಿ ಹಿಟ್ಟು, ಬೆಲ್ಲ, ಕೊಬ್ಬರಿಯಿಂದ ಪೀಠೆ ಎಂಬ ಸಿಹಿ ಮಾಡುತ್ತಾರೆ. ದೂರದ ಐರ್ಲೆಂಡಿನಲ್ಲಿ ಅಕ್ಟೋಬರ್ 31ರ ಹಬ್ಬಕ್ಕೆ ಬೇಯಿಸಿದ ಆಲೂಗಡ್ಡೆಯನ್ನು ಕಿವುಚಿ, ಎಲೆಕೋಸು, ಬೆಣ್ಣೆ, ಹಾಲು ಸೇರಿಸಿ ಕೋಲ್‌ಕ್ಯಾನನ್ ಎಂಬ ಸಾದಾ ಅಡಿಗೆ ಮಾಡುತ್ತಾರೆ. ಅಲ್ಲಿನ ಬಡವರ ಹೊಲದಲ್ಲಿ ಬೆಳೆಯುತ್ತಿದ್ದುದು ಆಲೂಗಡ್ಡೆಯೇ.

ಆದರೆ ಅದೇ ಐರ್ಲೆಂಡಿನ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಅಲ್ಲಿನ ಬಡಜನ ಆ ಒಂದೇ ಬೆಳೆಯನ್ನು ನಂಬಿದ್ದರು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಅದರ ಬೆನ್ನಿಗೆ ಬಂದ ರೋಗಗಳಿಂದ ಸತ್ತರು. ಇನ್ನೂ ಲಕ್ಷಾಂತರ ಜನ ದೇಶ ಬಿಟ್ಟರು.

ಈ ಮಾತು ಸಿಂಧನೂರಿನವರಿಗೂ ಸ್ವಲ್ಪ ಅನ್ವಯಿಸುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂತು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಕಾಲುವೆಯ ಕೆಳಗೆ ಬತ್ತ ಹಬ್ಬಿತು. ಕೈಗೆ ಹಣ ಬಂತು, ಮಕ್ಕಳು ಶಾಲೆ ಕಂಡರು. ಅದು ಸಣ್ಣ ಮಾತಲ್ಲ. ಆದರೆ ತಟ್ಟೆಯಲ್ಲಿ ರೊಟ್ಟಿಯ ಜಾಗವನ್ನು ಅನ್ನ ಹಿಡಿಯಿತು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಒಂದು ಗೇಟಿನ ಸರಪಳಿಗೆ ಎಷ್ಟು ಮನೆಗಳ ಬದುಕು ತೂಗುಬಿದ್ದಿದೆ ಎಂಬುದು ಎಲ್ಲರಿಗೂ ತಿಳಿಯಿತು. ಲಿಂಗಸುಗೂರು, ಮಸ್ಕಿಯ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ, ಜೋಳ, ತೊಗರಿ ಇಂದಿಗೂ ಉಳಿದಿವೆ. ಆದರೆ ಕಾಳು ಉಳಿದರೆ ಸಾಲದು, ರೊಟ್ಟಿ ಬಡಿಯುವ ಕೈಯೂ ಉಳಿಯಬೇಕು. ಬಡಿಯುವವರಿಲ್ಲದ ಮನೆಗೆ ಸಜ್ಜೆ ಬರುವುದಿಲ್ಲ, ಕೊಳ್ಳುವವರಿಲ್ಲದ ಸಜ್ಜೆಯನ್ನು ರೈತ ಬಿತ್ತುವುದಿಲ್ಲ.

ಇಂದು ಮಕ್ಕಳಿಗೆ ಪರೀಕ್ಷೆ, ಟ್ಯೂಷನ್, ಹಾಸ್ಟೆಲ್. “ನೀ ಓದಿಕೋ ಹೋಗು” ಎಂದು ತಾಯಂದಿರೇ ಅವರನ್ನು ಒಲೆಯ ಬಳಿಯಿಂದ ಕಳಿಸುತ್ತಾರೆ. ಗಂಡುಮಕ್ಕಳನ್ನಂತೂ ಕರೆಯುವುದೇ ಇಲ್ಲ. ಒಂದು ತಲೆಮಾರು ಕಲಿಯದಿದ್ದರೆ ಮುಂದಿನದಕ್ಕೆ ಕಲಿಸುವವರಿರುವುದಿಲ್ಲ. ಆದ್ದರಿಂದ ಈ ಸಲದ ಹಬ್ಬದ ಬುತ್ತಿಯನ್ನು ಮಕ್ಕಳ ಕೈಯಿಂದಲೇ ಮಾಡಿಸಬಹುದು. ನಾಲ್ಕು ಪದಾರ್ಥ ಸಾಕು. ಹುರಿದು ಕುಟ್ಟುವ ಕೆಲಸ ಹಿಂದಿನ ರಾತ್ರಿ ಮುಗಿದರೆ ಮುಂಜಾನೆ ಎರಡು ತಾಸಿನಲ್ಲಿ ಅಡಿಗೆಯಾಗುತ್ತದೆ.

ಶೇಂಗಾ ಹಿಂಡಿ: ಒಂದು ಬಟ್ಟಲು ಶೇಂಗಾ ಕಾಳನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ತೂರಿ. ಆರು ಎಸಳು ಬೆಳ್ಳುಳ್ಳಿ, ಎರಡು ಚಮಚ ಕೆಂಪು ಖಾರದ ಪುಡಿ, ಅರ್ಧ ಚಮಚ ಜೀರಿಗೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ತಡೆದು ತಡೆದು ತಿರುಗಿಸಬೇಕು. ಇಲ್ಲವಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಎಳ್ಳಿನ ಉಂಡೆ: ಒಂದು ಬಟ್ಟಲು ಎಳ್ಳನ್ನು ಚಟಪಟ ಸಿಡಿಯುವವರೆಗೆ ಹುರಿಯಿರಿ. ಮುಕ್ಕಾಲು ಬಟ್ಟಲು ಪುಡಿ ಬೆಲ್ಲ, ಒಂದು ಏಲಕ್ಕಿ ಹಾಕಿ ಕುಟ್ಟಿ. ಎಳ್ಳಿನ ಎಣ್ಣೆಯೇ ಅಂಟಾಗುವುದರಿಂದ ಪಾಕ ಬೇಡ. ಸಣ್ಣ ಮಕ್ಕಳೂ ಉಂಡೆ ಕಟ್ಟಬಲ್ಲರು.

ಬದನೆಕಾಯಿ ಎಣ್ಣೆಗಾಯಿ: ಎಂಟು ಎಳೆಯ ಗುಂಡು ಬದನೆಕಾಯಿಗಳನ್ನು ತೊಟ್ಟು ಬಿಟ್ಟು ನಾಲ್ಕು ಸೀಳು ಮಾಡಿ ಉಪ್ಪು ನೀರಿನಲ್ಲಿಡಿ. ಒಂದು ಬಟ್ಟಲು ಹುರಿದ ಶೇಂಗಾ ಪುಡಿ, ಎರಡು ಚಮಚ ಎಳ್ಳಿನ ಪುಡಿ, ಖಾರದ ಪುಡಿ, ಅರಿಸಿನ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಹುಣಿಸೆ ರಸ, ಚೂರು ಬೆಲ್ಲ, ಉಪ್ಪು ಕಲಸಿ ಸೀಳುಗಳಲ್ಲಿ ತುಂಬಿ. ನಾಲ್ಕು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಕಾಯಿಗಳನ್ನು ಜೋಡಿಸಿ, ಉಳಿದ ಮಸಾಲೆಗೆ ಅರ್ಧ ಬಟ್ಟಲು ನೀರು ಬೆರೆಸಿ ಸುರಿಯಿರಿ. ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಎಣ್ಣೆ ಮೇಲೆ ತೇಲಿದರೆ ಪಲ್ಯ ಆಯಿತೆಂದು ಅರ್ಥ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ: ನಾಲ್ಕು ಬಟ್ಟಲು ಸಜ್ಜೆ ಹಿಟ್ಟಿಗೆ ಸುಮಾರು ಎರಡು ಬಟ್ಟಲು ನೀರು. ನೀರಿಗೆ ಉಪ್ಪು ಹಾಕಿ ಕುದಿಸಿ, ಹಿಟ್ಟಿನ ನಡುವೆ ಗುಣಿ ಮಾಡಿ ಸುರಿದು, ಸೌಟಿನ ಹಿಡಿಯಿಂದ ಕಲಸಿ. ಕೈಗೆ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಗೋಧಿಯಲ್ಲಿರುವ ಜಿಗುಟು ಅಂಶ ಸಜ್ಜೆಯಲ್ಲಿಲ್ಲ. ಕುದಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ತಣ್ಣೀರಿನಲ್ಲಿ ಕಲಸಿದವರ ರೊಟ್ಟಿ ಹರಿಯುವುದು ಇದಕ್ಕೇ. ಉಂಡೆಗೆ ಒಣಹಿಟ್ಟು ಸವರಿ ತಟ್ಟುತ್ತ ಹೋಗಿ. ಅರ್ಧ ತಟ್ಟಿದಾಗ ಎಳ್ಳು ಉದುರಿಸಿ ಮತ್ತೆ ತಟ್ಟಿದರೆ ಅದು ಹಿಟ್ಟಿನಲ್ಲಿ ಕೂರುತ್ತದೆ. ಕಾದ ಹಂಚಿಗೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಾಡಿಸಿ, ನೀರು ಆರುತ್ತಲೇ ತಿರುವಿ ಎರಡೂ ಕಡೆ ಬೇಯಿಸಿ. ಹೊಸಬರ ರೊಟ್ಟಿ ದಪ್ಪವಾಗುತ್ತದೆ, ಅಂಚು ಸೀಳುತ್ತದೆ. ಆಗಲಿ, ರುಚಿಗೇನೂ ಕೊರತೆಯಿಲ್ಲ. ಸಣ್ಣದಾಗಿ, ಅಂಗೈಯಗಲ ತಟ್ಟಿದರೆ ಮೊದಲ ದಿನವೇ ಕೈ ಕೂಡುತ್ತದೆ.

ಒಂದು ಎಚ್ಚರಿಕೆ: ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚು. ಬೀಸಿ ಕೆಲವು ದಿನ ಇಟ್ಟರೆ ಹಿಟ್ಟು ಕಹಿಯಾಗುತ್ತದೆ. ಬೇಕಾದಷ್ಟನ್ನೇ ಹಬ್ಬದ ಒಂದೆರಡು ದಿನ ಮುಂಚೆ ಗಿರಣಿಗೆ ಹಾಕಿಸುವುದು ಒಳ್ಳೆಯದು.

ಇದರೊಂದಿಗೆ ಹಸಿ ಮೂಲಂಗಿ, ಗಜ್ಜರಿ, ಮೆಂತ್ಯೆ, ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು ಇದ್ದರೆ ಬುತ್ತಿ ಪೂರ್ಣ. ಪಾಲಿಶ್ ಮಾಡಿದ ಅಕ್ಕಿಗಿಂತ ಸಜ್ಜೆಯಲ್ಲಿ ಕಬ್ಬಿಣದ ಅಂಶ ಹಲವು ಪಟ್ಟು ಹೆಚ್ಚು. ಹಸಿ ತರಕಾರಿಯಲ್ಲಿರುವ ಸಿ ಜೀವಸತ್ವ ಆ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಬೆಳೆಯುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಇದನ್ನು ವರ್ಷಕ್ಕೊಮ್ಮೆಯ ಊಟವಾಗಿಡದೆ ವಾರಕ್ಕೆರಡು ಸಲವಾದರೂ ಮಾಡಬೇಕು.

ಹೊಲವಿಲ್ಲದವರು ಪರಿಚಿತರ ಹೊಲಕ್ಕೆ ಹೋಗಬಹುದು. ಅದೂ ಆಗದಿದ್ದರೆ ಮಾಳಿಗೆಯ ಮೇಲೆ ನೆರೆಹೊರೆಯವರೊಡನೆ ಕೂತು ಉಣ್ಣಬಹುದು. ಅಂದು ಶಾಲೆಗೆ ರಜೆ ಇಲ್ಲದಿದ್ದರೆ ಮುಂದಿನ ಭಾನುವಾರವಾದರೂ ಆದೀತು.

“ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು?” ಎಂಬ ಗಾದೆಯಿದೆ. ಹಾಸ್ಟೆಲಿಗೆ ಹೊರಟ ಮಗನಿಗೆ, ಮಗಳಿಗೆ ತಾಯಿ ಕಟ್ಟಿಕೊಡುವ ಕಡಕ್ ರೊಟ್ಟಿ, ಹಿಂಡಿ ಹದಿನೈದು ದಿನಕ್ಕೆ ಮುಗಿಯುತ್ತವೆ. ರೊಟ್ಟಿ ಬಡಿಯುವ ಕೈಯನ್ನು ಕೊಟ್ಟು ಕಳಿಸಿದರೆ, ನಾಳೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿದ್ದರೂ ಅವರು ಒಂದು ಕಿಲೋ ಸಜ್ಜೆ ಹಿಟ್ಟು ತಂದು ಉಂಡಾರು. ಲಿಂಗಸುಗೂರಿನ ರೈತ ಮುಂದಿನ ಮುಂಗಾರಿಗೂ ಸಜ್ಜೆ ಬಿತ್ತಿಯಾನು.