ಕೋಟು ಬೀಸಿದರೆ ಕಾಯಿಲೆ ಬಿಟ್ಟೀತೆ?

ಬಿಳಿ ಕೋಟು, ಬಿಳಿ ಪ್ಯಾಂಟು, ಕೈಯಲ್ಲಿ ಮೈಕು. ಕೋಟು ಬಿಚ್ಚಿ ಬೀಸಿದರೆ ಸಾಕು, ಸಾಲುಸಾಲಾಗಿ ಜನ ಧೊಪ್ಪನೆ ಬೀಳುತ್ತಾರೆ. ಅಮೆರಿಕದ ಟೀವಿ ಬೋಧಕ ಬೆನ್ನಿ ಹಿನ್ ಅವರ ಈ ವರಸೆ ಈಗ ಟೀವಿಯನ್ನೂ ದಾಟಿದೆ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೋಟೆ ಬಸ್ಸಿಗೆ ಕಾಯುವವರ ಮೊಬೈಲಿಗೂ ಅದು ಬರುತ್ತದೆ. ನೋಡಿದವರದ್ದು ಒಂದೇ ಪ್ರಶ್ನೆ: "ನಿಜವಾಗ್ಲೂ ವಾಸಿಯಾಗುತ್ತಾ ಸಾರ್?"

ಹಿನ್ ಹುಟ್ಟಿದ್ದು 1952ರಲ್ಲಿ, ಇಸ್ರೇಲಿನ ಜಾಫಾದಲ್ಲಿ. ಹುಡುಗನಾಗಿದ್ದಾಗಲೇ ಮನೆಯವರು ಕೆನಡಾ ಸೇರಿದರು. 1983ರಲ್ಲಿ ಅಮೆರಿಕದ ಓರ್ಲ್ಯಾಂಡೊದಲ್ಲಿ ಸ್ವಂತ ಸಭೆ ಕಟ್ಟಿದರು. 1990ರಿಂದ ದಿನಾ ಟೀವಿ. ಆಮೇಲೆ ಕೇಳಬೇಕೆ!

2005ರ ಜನವರಿಯಲ್ಲಿ ಈ ಮಹಾಶಯರು ಬೆಂಗಳೂರಿಗೇ ಬಂದರು. ಜಕ್ಕೂರು ವಿಮಾನ ಮೈದಾನದಲ್ಲಿ ಮೂರು ದಿನ ಸಭೆ. ಒಳಗೆ ಜನಸಾಗರ, ಹೊರಗೆ ಪ್ರತಿಭಟನೆ. ಮತಾಂತರ ಎಂದು ಒಂದು ಕಡೆಯವರು, ಪ್ರಾರ್ಥನೆ ನಮ್ಮ ಹಕ್ಕು ಎಂದು ಇನ್ನೊಂದು ಕಡೆಯವರು. ಗುಣವಾದೀತೆಂದು ನಂಬಿ ಬಂದ ರೋಗಿಗಳು ಮನೆಗೆ ಹೋದ ಮೇಲೆ ಏನಾದರು ಎಂಬ ಮಾತು ಈ ಜಗ್ಗಾಟದಲ್ಲಿ ಮುಳುಗಿಹೋಯಿತು.

ಅಮೆರಿಕದಲ್ಲಿ ಅದನ್ನೂ ಕೆದಕಿದವರಿದ್ದರು. ವೇದಿಕೆಯಲ್ಲಿ "ವಾಸಿಯಾದ" ಕೆಲವರ ಬೆನ್ನು ಹತ್ತಿ ಅಲ್ಲಿನ ಎಚ್‌ಬಿಒ ವಾಹಿನಿ 2001ರಲ್ಲಿ ಸಾಕ್ಷ್ಯಚಿತ್ರ ತೋರಿಸಿತು. ನಿಜಕ್ಕೂ ಗುಣವಾದವರು ಒಬ್ಬರೂ ಸಿಗಲಿಲ್ಲ ಎಂದರು ಚಿತ್ರ ತೆಗೆದವರು. ಮಿದುಳಿನ ಗಡ್ಡೆಯಿದ್ದ ಒಬ್ಬ ಹುಡುಗನ ತಂದೆತಾಯಿ ಕಾಣಿಕೆಯ ಮಾತು ಕೊಟ್ಟಿದ್ದರು. ಹುಡುಗ ಕೆಲವೇ ವಾರಗಳಲ್ಲಿ ತೀರಿಕೊಂಡ. 2019ರಲ್ಲಿ ಹಿನ್ ಅವರೇ, ಸಾವಿರ ಡಾಲರ್ ಕೊಟ್ಟರೆ ಆಶೀರ್ವಾದ ಎನ್ನುವುದು ದೇವರಿಗೇ ಅವಮಾನ ಎಂದುಬಿಟ್ಟರು. ಅಷ್ಟರಲ್ಲಿ ಕೊಟ್ಟವರು ಕೊಟ್ಟಾಗಿತ್ತು!

ನಮ್ಮ ಬೆಳಗಿನ ಟೀವಿ ಜ್ಯೋತಿಷಿಗಳೂ ಏನು ಕಮ್ಮಿಯಿಲ್ಲ ಬಿಡಿ.

ಹರಕೆ ತಪ್ಪೆಂದು ಯಾರೂ ಹೇಳುತ್ತಿಲ್ಲ. ಕೆ.ಆರ್.ನಗರದ ಡೋರನಹಳ್ಳಿ ಸಂತ ಅಂತೋಣಿಯ ಗುಡಿಗೆ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಜನ ಹೋಗುತ್ತಾರೆ. ಮೇಣದ ಬತ್ತಿ ಹಚ್ಚಿ ಕೈಮುಗಿದು ಬಂದವರು ಮಾರನೇ ದಿನ ಡಾಕ್ಟರ ಹತ್ತಿರವೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಮೈಸೂರು ಅರಮನೆಗೆ ಚಾಮುಂಡಿಯ ಪೂಜೆಯಲ್ಲಿ ಕೊರತೆಯಿತ್ತೇ? ಆದರೂ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದಾಗ ಅವರ ಹೆಸರಿನಲ್ಲಿ ಎದ್ದದ್ದು ಆಸ್ಪತ್ರೆ. ಅದೇ ಇವತ್ತಿನ ಪಿ.ಕೆ. ಸ್ಯಾನಿಟೋರಿಯಂ. ಕ್ಷಯದ ಗುಳಿಗೆ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. "ಸ್ವಾಮಿ ಮುಟ್ಟಿದರು, ಹುಷಾರಾದೆ" ಎಂದು ಅರ್ಧಕ್ಕೇ ನಿಲ್ಲಿಸಿದರೆ ರೋಗ ಇನ್ನೂ ಗಟ್ಟಿಯಾಗಿ ಮರಳುತ್ತದೆ, ಪಕ್ಕದವರಿಗೂ ಅಂಟುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಕೋಟೆಯ ಆರೋಗ್ಯಾಧಿಕಾರಿಗಳು ಒಂದು ಕೆಲಸ ಮಾಡಲಿ. ಯಾವ ಧರ್ಮದ್ದೇ ಇರಲಿ, ಪ್ರಾರ್ಥನೆ ಸಭೆಯ ಶಾಮಿಯಾನ ಎದ್ದ ಕಡೆ, ಜಾತ್ರೆ ನೆರೆದ ಕಡೆ ಒಂದು ಟೇಬಲ್ಲು, ಎರಡು ಕುರ್ಚಿ ಹಾಕಿಸಿ ಒಬ್ಬ ನರ್ಸಮ್ಮನನ್ನು ಕೂರಿಸಲಿ. ಬೀಪಿ, ಶುಗರ್, ಕಫ ಪರೀಕ್ಷೆ ಅಲ್ಲೇ ಆಗಲಿ. ದೇವರ ಹತ್ತಿರ ಹೋಗುವವರು ಹೋಗುವ ದಾರಿಯಲ್ಲೇ ತೋಳು ಚಾಚಿ ಹೋಗಲಿ.