ಮುರಿದ ಸಂಸಾರದ ಮೇಲೆ ಶುಲ್ಕದ ಹೊರೆ

ಜೀವನಾಂಶ ಕೇಳಿ ನೆಲಮಂಗಲದ ನ್ಯಾಯಾಲಯದ ಮೆಟ್ಟಿಲೇರುವ ಹೆಣ್ಣುಮಗಳು ಗಂಡನಿಂದ ಬಿಡಿಗಾಸು ಕಾಣುವ ಮುನ್ನವೇ ವಕೀಲರ ಶುಲ್ಕಕ್ಕಾಗಿ ಕಿವಿಯೋಲೆ ಅಡವಿಡಬೇಕಾದರೆ ಅದನ್ನು ನ್ಯಾಯವೆನ್ನುವುದು ಹೇಗೆ? ಎಷ್ಟೋ ಪ್ರಕರಣಗಳಲ್ಲಿ ಒಟ್ಟು ಶುಲ್ಕವೆಷ್ಟೆಂಬ ಬರಹವಿಲ್ಲ, ಕೊಟ್ಟ ಹಣಕ್ಕೆ ರಸೀದಿಯಿಲ್ಲ. ವಾಯಿದೆಗೆ ಇಂತಿಷ್ಟೆಂದು ಎಣಿಸಿಕೊಳ್ಳುವ ಪದ್ಧತಿಯಲ್ಲಿ ಪ್ರಕರಣ ಬೆಳೆದಷ್ಟೂ ವಕೀಲರಿಗೆ ಲಾಭ, ಕಕ್ಷಿದಾರಳಿಗೆ ಆ ದಿನದ ಕೂಲಿಯೂ ನಷ್ಟ.

ವಕೀಲರ ದುಡಿಮೆಗೆ ಪ್ರತಿಫಲ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ದೊರೆಯುವ ಪರಿಹಾರದಲ್ಲಿ ಪಾಲು ಕೇಳುವುದು ಪ್ರತಿಫಲವಲ್ಲ, ಸುಲಿಗೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇದನ್ನು ನಿಷೇಧಿಸಿವೆ. 2017ರಲ್ಲಿ ಸುಪ್ರೀಮ್ ಕೋರ್ಟ್ ಕೂಡಾ ಇಂತಹ ಶೇಕಡಾವಾರು ಶುಲ್ಕ ಅಕ್ರಮವೆಂದಿದೆ. ಶುಲ್ಕ ಬಾಕಿಯೆಂಬ ನೆಪದಲ್ಲಿ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಅದೇ ನ್ಯಾಯಾಲಯ 2000ದಲ್ಲೇ ತೀರ್ಪಿತ್ತಿದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗಬೇಕು. ಅದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೋರಬಹುದೆಂದು 2024ರ ಜುಲೈನಲ್ಲಿ ಸುಪ್ರೀಮ್ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಹಕ್ಕು ಚಲಾಯಿಸಲು ಸಾಲ ಮಾಡಬೇಕಾದರೆ ಆ ತೀರ್ಪಿನಿಂದ ಯಾರಿಗೆ ಪ್ರಯೋಜನ?

ನಿಕಾಹ್‌ನ ದಿನ ದಫ್ತರ ಹಿಡಿದು ಮುಂದೆ ಕೂರುವ ಜಮಾಅತ್ ಮುಖಂಡರು ಸಂಸಾರ ಮುರಿದ ದಿನ ಎಲ್ಲಿರುತ್ತಾರೆ? ಆ ಅರ್ಜಿ ಬರೆದುಕೊಡಲು, ವಕೀಲರಿಂದ ಶುಲ್ಕವನ್ನು ಮೊದಲೇ ಬರಹದಲ್ಲಿ ಪಡೆಯಲು ಆಕೆಯ ಜೊತೆ ನಾಲ್ಕು ಮಂದಿ ನಿಂತರೆ ಸಾಕು. ಅಷ್ಟನ್ನೂ ಮಾಡದ ಸಮುದಾಯಕ್ಕೆ ವಕೀಲರನ್ನು ದೂಷಿಸುವ ಅರ್ಹತೆಯಿಲ್ಲ.